ಪ್ರೇಕ್ಷಕರು ಬೈದ್ರು ಅಂತ ಮಗ ಹಗ್ಗ ದಾಟಿ ಹೋಗಿ ಹೊಡೆದ, ಈಗ ಏನ್ಮಾಡ್ಲಿ?

ಪ್ರಶ್ನೆ: ನನ್ನ ಮಗನಿಗೆ 20 ವರ್ಷ, ಬೆಂಗಳೂರಲ್ಲಿ ಕ್ರಿಕೆಟ್ ಡಿವಿಷನ್ ಲೀಗ್ ಆಡ್ತಾನೆ. ಹೋದ ತಿಂಗಳು ಒಂದು ಮ್ಯಾಚಲ್ಲಿ ಸ್ಲಿಪ್ಪಲ್ಲಿ ಕ್ಯಾಚ್ ಬಿಟ್ಟ, ಕ್ಯಾಪ್ಟನ್ ಬೌಂಡರಿಗೆ ಕಳಿಸಿದ. ಅಲ್ಲಿ ಹೊರಗೆ ನಿಂತಿದ್ದ ಹುಡುಗ್ರು ಎರಡು ಓವರ್ ಪೂರ್ತಿ ಆಡ್ಕೊಂಡು ಕೊನೆಗೆ ಅಮ್ಮನ ಮೇಲೆ ಬೈದಿದ್ದಾರೆ. ಓವರ್ ಮುಗಿದ ತಕ್ಷಣ ಇವನು ಹಗ್ಗ ದಾಟಿ ಹೋಗಿ ಒಬ್ಬನ ಕಾಲರ್ ಹಿಡಿದು ಕೆನ್ನೆಗೆ ಬಾರಿಸಿದ್ದಾನೆ. ಯಾರೋ ಮೊಬೈಲಲ್ಲಿ ಹಿಡ್ಕೊಂಡು ಎಲ್ಲಾ ಕಡೆ ಕಳಿಸಿದ್ದಾರೆ. ಕ್ಲಬ್ಬಿನವರು ಸದ್ಯಕ್ಕೆ ಪ್ರಾಕ್ಟೀಸಿಗೆ ಬರ್ಬೇಡ ಅಂದಿದ್ದಾರೆ, ಆ ಹುಡುಗನ ಮನೆಯವರು ಸ್ಟೇಷನ್‌ಗೆ ಹೋಗ್ತೀವಿ ಅಂತಿದ್ದಾರೆ. ಮಗನ ವಾದ ಏನಂದ್ರೆ, ಫುಟ್‌ಬಾಲ್ ಆಟಗಾರ ಕ್ಯಾಂಟೊನಾ ಪ್ರೇಕ್ಷಕನಿಗೆ ಒದ್ದ, ಪಾಕಿಸ್ತಾನದ ಇಂಝಮಾಮ್ ಬ್ಯಾಟ್ ಹಿಡ್ಕೊಂಡು ಹೋದ, ಅವರಿಗೆಲ್ಲ ಏನಾಯ್ತು, ಏನೂ ಆಗ್ಲಿಲ್ಲ, ದೊಡ್ಡ ಪ್ಲೇಯರ್ಸೇ ಆದ್ರು ಅಂತ. ನಿಜ ಹೇಳ್ಬೇಕು ಅಂದ್ರೆ ನನ್ನ ಮೇಲಿನ ಮಾತಿಗೆ ಹೊಡೆದ ಅಂತ ನನಗೂ ಒಳಗೊಳಗೆ ಹೆಮ್ಮೆ ಆಯ್ತು. ಏನು ಹೇಳ್ಲಿ ಅವನಿಗೆ?

ಉತ್ತರ: ಅಕ್ಕಾ, ಮೊದಲು ಮಗನ ವಾದಕ್ಕೇ ಬರ್ತೀನಿ. ಅದನ್ನ ಅವನು ಹಿಡ್ಕೊಂಡು ಕೂತಿರೋವರೆಗೂ ನೀವು ಹೇಳಿದ್ದೂ, ನಾನು ಹೇಳಿದ್ದೂ, ಕೋಚ್ ಹೇಳಿದ್ದೂ ಯಾವುದೂ ಅವನ ತಲೆಗೆ ಹೋಗಲ್ಲ. ಮೈದಾನದಲ್ಲಿ ತಾಳ್ಮೆ ಕಳ್ಕೊಂಡ ಹುಡುಗ್ರು ನನ್ನ ಹತ್ರ ಬಂದಾಗ ಹೆಚ್ಚೂಕಡಿಮೆ ಎಲ್ಲರೂ ಇದನ್ನೇ ಹೇಳ್ತಾರೆ, ಆ ಕ್ಯಾಂಟೊನಾ ವಿಡಿಯೋನೇ ತೋರಿಸ್ತಾರೆ. ವಿಡಿಯೋ ಒದೆಯೋವರೆಗೆ ಮಾತ್ರ ಇರೋದು, ಆಮೇಲೆ ಏನಾಯ್ತು ಅನ್ನೋದು ಅದರಲ್ಲಿ ಇಲ್ಲ.

1995ರ ಜನವರಿ 25, ಲಂಡನ್ನಿನ ಸೆಲ್ಹರ್ಸ್ಟ್ ಪಾರ್ಕ್, ಕ್ಯಾಂಟೊನಾ ಆಡ್ತಿದ್ದ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಕ್ರಿಸ್ಟಲ್ ಪ್ಯಾಲೆಸ್‌ಗೂ ಮ್ಯಾಚು. ಎದುರಾಳಿ ಡಿಫೆಂಡರ್‌ನ ಒದ್ದಿದ್ದಕ್ಕೆ ಕ್ಯಾಂಟೊನಾಗೆ ರೆಡ್ ಕಾರ್ಡ್ ಸಿಕ್ತು, ಹೊರಗೆ ನಡ್ಕೊಂಡು ಹೋಗ್ತಿದ್ದಾಗ ಸ್ಟ್ಯಾಂಡಿಂದ ಒಬ್ಬ ಮುಂದೆ ಓಡಿ ಬಂದು ಬೈದ, ಇವನು ಬೋರ್ಡ್ ಮೇಲಿಂದ ಹಾರಿ ಅವನ ಎದೆಗೇ ಒದ್ದ. ಇಷ್ಟು ನಿಮ್ಮ ಮಗನಿಗೆ ಗೊತ್ತು. ಆಮೇಲಿಂದು ಕೇಳಿ. ಕ್ಲಬ್ಬೇ ಮೊದಲು ಆ ಸೀಸನ್ ಪೂರ್ತಿ ಕೂರಿಸ್ತು, 20,000 ಪೌಂಡ್ ದಂಡ ಹಾಕ್ತು, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಅದನ್ನ ಸೆಪ್ಟೆಂಬರ್ ಕೊನೆವರೆಗೆ ಎಳೀತು, ಒಟ್ಟು 8 ತಿಂಗಳು, ಮೇಲೆ ಇನ್ನೊಂದು 10,000 ಪೌಂಡ್. ಕೋರ್ಟಲ್ಲಿ 2 ವಾರ ಜೈಲು ಅಂತ ತೀರ್ಪಾಯ್ತು, ಅಪೀಲಲ್ಲಿ ಅದು 120 ಗಂಟೆ ಸಮಾಜ ಸೇವೆಗೆ ಇಳೀತು. ಆ ಸೀಸನ್ ಯುನೈಟೆಡ್ ಲೀಗ್ ಸೋತಿದ್ದು ಒಂದೇ ಒಂದು ಪಾಯಿಂಟಲ್ಲಿ, ಬ್ಲ್ಯಾಕ್‌ಬರ್ನ್ 89, ಇವರು 88, ಎಫ್ಎ ಕಪ್ ಫೈನಲ್ಲೂ ಎವರ್ಟನ್‌ಗೆ 1-0 ಸೋತ್ರು. ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಯಾವುದು ಅಂದ್ರೆ, ಆ ದಿನ ಕ್ಯಾಂಟೊನಾ ಫ್ರಾನ್ಸ್ ತಂಡದ ಕ್ಯಾಪ್ಟನ್. ಆ ಒದೆತದ ನಂತರ ಫ್ರಾನ್ಸ್ ಪರವಾಗಿ ಅವನು ಮತ್ತೆ ಒಂದೇ ಒಂದು ಮ್ಯಾಚ್ ಆಡ್ಲಿಲ್ಲ. 1996ರ ಯೂರೋ ಇಲ್ಲ, ಸ್ವಂತ ದೇಶದಲ್ಲಿ ನಡೆದು ಸ್ವಂತ ದೇಶವೇ ಗೆದ್ದ 1998ರ ವಿಶ್ವಕಪ್ ಇಲ್ಲ. ಅಷ್ಟರಲ್ಲಿ ಆ ತಂಡ ಜಿದಾನ್ ಸುತ್ತ ಕಟ್ಕೊಂಡು ಮುಂದೆ ಹೋಗಿತ್ತು. 1997ರಲ್ಲಿ, 30ನೇ ವಯಸ್ಸಿಗೇ ಆಟ ಬಿಟ್ಟ. ಇದನ್ನ ಏನೂ ಆಗ್ಲಿಲ್ಲ ಅಂತ ಹೇಗೆ ಅನ್ನೋದು?

ಇಂಝಮಾಮ್ ವಿಷಯನೂ ಹಾಗೇ. 1997ರ ಸೆಪ್ಟೆಂಬರ್ 14, ಟೊರಾಂಟೊ, ಸಹಾರಾ ಕಪ್, ಪಾಕಿಸ್ತಾನ 116ಕ್ಕೆ ಆಲೌಟ್ ಆಗಿ ಫೀಲ್ಡಿಂಗಿಗೆ ಇಳಿದಿತ್ತು, ಪ್ರೇಕ್ಷಕರಲ್ಲಿ ಒಬ್ಬ ಮೆಗಾಫೋನ್ ಹಿಡ್ಕೊಂಡು ಆಲೂ ಆಲೂ ಅಂತ ಕೂಗ್ತಾನೇ ಇದ್ದ. ಫೀಲ್ಡರ್ ಕೈಲಿ ಬ್ಯಾಟ್ ಎಲ್ಲಿಂದ ಬರ್ಬೇಕು ಹೇಳಿ, 12ನೇ ಆಟಗಾರ ತಂದ ಬ್ಯಾಟ್ ಹಿಡ್ಕೊಂಡು ಇವನು ಸ್ಟ್ಯಾಂಡಿಗೇ ನುಗ್ಗಿದ. ಎರಡು ಒನ್‌ಡೇ ಬ್ಯಾನ್ ಆಯ್ತು. ಶಿಕ್ಷೆ ಚಿಕ್ಕದೇ, ಒಪ್ಕೋತೀನಿ. ಆದ್ರೆ ಟೆಸ್ಟಲ್ಲಿ 8,830 ರನ್ ಮಾಡಿ, ದೇಶಕ್ಕೆ ಕ್ಯಾಪ್ಟನ್ ಆಗಿದ್ದ ಮನುಷ್ಯನ ಹೆಸರು ಹೇಳಿದ್ರೆ ನಿಮ್ಮ 20 ವರ್ಷದ ಮಗನಿಗೆ ಮೊದಲು ನೆನಪಾಗಿದ್ದು ಯಾವುದು ನೋಡಿ, ಆ ಮ್ಯಾಚ್ ಆದಾಗ ಅವನು ಹುಟ್ಟೇ ಇರ್ಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಕಹಿ ಆದ್ರೂ. ಕ್ಯಾಂಟೊನಾನ ಕ್ಲಬ್ ಕಾದಿದ್ದು ಅವನು ಕ್ಯಾಂಟೊನಾ ಆಗಿದ್ದಕ್ಕೆ. ಇನ್ನೂ ಹೆಸರು ಮಾಡದೆ ಇರೋ ಹುಡುಗನಿಗೆ ಯಾರೂ 8 ತಿಂಗಳು ಕಾಯಲ್ಲ, ಅವನ ಜಾಗಕ್ಕೆ ನೆಟ್ಸಲ್ಲಿ ಐದು ಜನ ಪ್ಯಾಡ್ ಕಟ್ಕೊಂಡು ನಿಂತಿರ್ತಾರೆ. ಬಾಂಗ್ಲಾದೇಶದ ಸಬ್ಬೀರ್ ರೆಹಮಾನ್‌ದು ನೋಡಿ, ದೇಶಕ್ಕೆ ಆಡ್ತಿದ್ದವನು, 2017ರ ಡಿಸೆಂಬರಲ್ಲಿ ರಾಜಶಾಹಿಯಲ್ಲಿ ಒಂದು ಡೊಮೆಸ್ಟಿಕ್ ಮ್ಯಾಚ್ ನಡೀತಿದ್ದಾಗ ತನ್ನನ್ನ ರೇಗಿಸಿದ ಒಬ್ಬ ಹುಡುಗನನ್ನ ಸೈಟ್‌ಸ್ಕ್ರೀನ್ ಹಿಂದೆ ಹೊಡೆದ. ಬೋರ್ಡ್ ಕಾಂಟ್ರ್ಯಾಕ್ಟ್ ಹೋಯ್ತು, 20 ಲಕ್ಷ ಟಾಕಾ ದಂಡ, 6 ತಿಂಗಳು ಡೊಮೆಸ್ಟಿಕ್ ಕ್ರಿಕೆಟಿಂದ ಬ್ಯಾನ್. ವರ್ಷ ತುಂಬೋದ್ರೊಳಗೆ ಫೇಸ್‌ಬುಕ್ಕಲ್ಲಿ ಅಭಿಮಾನಿ ಒಬ್ಬನಿಗೆ ಬೈದ ಅಂತ ಇಂಟರ್‌ನ್ಯಾಷನಲ್ ಕ್ರಿಕೆಟಿಂದ ಮತ್ತೊಂದು ಬ್ಯಾನು. 2019ರ ವಿಶ್ವಕಪ್ ತಂಡಕ್ಕೆ ವಾಪಸ್ ಬಂದ, ನಿಜ, ಆದ್ರೆ 26-27ನೇ ವಯಸ್ಸಿನ ಒಳ್ಳೆ ಸಮಯ ಹಿಂಗೆ ಹೋಯ್ತು. ನಿಮ್ಮ ಮಗ ಹೋಲಿಸ್ಕೋಬೇಕಾದ್ದು ಇವನ ಜೊತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಪ್ರಕರಣಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿದ್ರೆ ನನಗೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತೆ, ಆಟ ನಡೀತಿರೋವಾಗ ಯಾರೂ ಹೋಗಿ ಹೊಡೆದಿಲ್ಲ, ಎಲ್ಲಾ ಆಗಿರೋದು ಖಾಲಿ ಹೊತ್ತಲ್ಲಿ. ಕ್ಯಾಂಟೊನಾ ರೆಡ್ ಕಾರ್ಡ್ ಆಗಿ ನಡ್ಕೊಂಡು ಹೋಗ್ತಿದ್ದ. ಫುಟ್‌ಬಾಲ್ ಆಟಗಾರ ಎರಿಕ್ ಡಯರ್ 2020ರ ಮಾರ್ಚಲ್ಲಿ ತನ್ನ ತಂಡ ಟಾಟನ್‌ಹ್ಯಾಮ್ ಪೆನಾಲ್ಟಿಲಿ ನಾರ್ವಿಚ್‌ಗೆ ಸೋತ ಮೇಲೆ ಸೀಟುಗಳ ಮೇಲೆ ಹತ್ಕೊಂಡು ಪ್ರೇಕ್ಷಕನ ಕಡೆ ಹೋದ, 4 ಮ್ಯಾಚ್ ಬ್ಯಾನ್, 40,000 ಪೌಂಡ್. ರೊನಾಲ್ಡೊ 2022ರ ಏಪ್ರಿಲಲ್ಲಿ ಎವರ್ಟನ್‌ಗೆ ಸೋತು ಒಳಗೆ ಹೋಗ್ತಾ ಒಬ್ಬ ಹುಡುಗನ ಕೈಲಿದ್ದ ಫೋನನ್ನ ಹೊಡೆದು ಬೀಳಿಸಿದ, ಪೊಲೀಸ್ ಎಚ್ಚರಿಕೆ, 2 ಮ್ಯಾಚ್ ಬ್ಯಾನ್, 50,000 ಪೌಂಡ್. ಎವ್ರಾ 2017ರಲ್ಲಿ ಪೋರ್ಚುಗಲ್‌ನಲ್ಲಿ ಮ್ಯಾಚಿಗೆ ಮುಂಚೆ ವಾರ್ಮಪ್ ಮಾಡ್ತಿದ್ದಾಗ ಒದ್ದಿದ್ದು ತನ್ನದೇ ಕ್ಲಬ್ಬಿನ ಅಭಿಮಾನಿಯನ್ನ, ಮಾರ್ಸೆ ಕ್ಲಬ್ ಕಾಂಟ್ರ್ಯಾಕ್ಟೇ ಮುರೀತು. ಉರುಗ್ವೆಯ ಡಾರ್ವಿನ್ ನೂನ್ಯೆಸ್ 2024ರ ಕೋಪಾ ಅಮೆರಿಕಾ ಸೆಮಿಫೈನಲ್ ಸೋತ ಮೇಲೆ ಮನೆಯವರು ಕೂತಿದ್ದ ಸ್ಟ್ಯಾಂಡಿಗೆ ಹತ್ತಿದ, 5 ಮ್ಯಾಚ್ ಬ್ಯಾನ್. ನಿಮ್ಮ ಮಗ? ಓವರ್ ಮುಗಿದ ತಕ್ಷಣ. ಬಾಲ್ ಆಟದಲ್ಲಿದ್ದಾಗ ಅದೇ ಬೈಗುಳನ ಎರಡು ಓವರ್ ತಡ್ಕೊಂಡಿದ್ದ ಅಲ್ವಾ.

ಇದಕ್ಕೆ ಕಾರಣ ಇದೆ. ಸ್ಟವ್ ಆರಿಸಿದ ಮೇಲೂ ಕುಕ್ಕರ್ ಒಳಗೆ ಪ್ರೆಷರ್ ಹಾಗೇ ಇರುತ್ತಲ್ಲ, ಮೈಯೂ ಅಷ್ಟೇ. ಓಡಿ, ಡೈವ್ ಹೊಡೆದು, ಕ್ಯಾಚ್ ಬಿಟ್ಟು, ಎದೆ ಡವಡವ ಅಂತಿರುತ್ತೆ, ಅಡ್ರಿನಲಿನ್ ಇನ್ನೂ ರಕ್ತದಲ್ಲಿರುತ್ತೆ, ಮಾಡೋಕೆ ಮಾತ್ರ ಏನೂ ಕೆಲಸ ಇರಲ್ಲ. ಡಾಲ್ಫ್ ಜಿಲ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಇದರ ಮೇಲೇ ಪ್ರಯೋಗ ಮಾಡಿದ್ದ. ಜನರಿಗೆ ಸೈಕಲ್ ತುಳಿಯೋ ಥರದ ವ್ಯಾಯಾಮ ಮಾಡಿಸಿ, ಕೆರಳಿಸಿ, ಅವರು ಎಷ್ಟು ಜೋರಾಗಿ ತಿರುಗಿ ಬೀಳ್ತಾರೆ ಅಂತ ನೋಡೋದು. ವ್ಯಾಯಾಮ ಮುಗಿದ ತಕ್ಷಣ ಮನುಷ್ಯನಿಗೆ ಗೊತ್ತಿರುತ್ತೆ, ನನ್ನ ಎದೆ ಹೊಡ್ಕೋತಿರೋದು ವ್ಯಾಯಾಮದಿಂದ ಅಂತ, ಹಾಗಾಗಿ ಸಿಟ್ಟು ಅಷ್ಟು ಏರಲ್ಲ. ಕೆಲವು ನಿಮಿಷ ಬಿಟ್ರೆ ಕಥೆ ಬೇರೆ, ಉಸಿರು ಸರಿ ಹೋಗಿರುತ್ತೆ, ಸುಧಾರಿಸ್ಕೊಂಡೆ ಅಂತ ಅವನು ಅಂದ್ಕೊಂಡಿರ್ತಾನೆ, ಮೈ ಒಳಗೆ ಮಾತ್ರ ಇನ್ನೂ ಬಿಸಿ ಉಳಿದಿರುತ್ತೆ, ಆಗ ಯಾರಾದ್ರೂ ಕೆರಳಿಸಿದ್ರೆ ಆ ಬಿಸಿನೂ ಸೇರಿ ಎಲ್ಲಾ ಎದುರಿಗಿರೋನ ಲೆಕ್ಕಕ್ಕೇ ಬೀಳುತ್ತೆ. ಇವನಿಂದಲೇ ನನಗೆ ಇಷ್ಟು ಸಿಟ್ಟು ಬರ್ತಿರೋದು ಅಂತ ಅನ್ಸುತ್ತೆ. ನಿಮ್ಮ ಮಗ ಕೈಬಿಟ್ಟ ಕ್ಯಾಚಿನ ಸಿಟ್ಟು, ಕ್ಯಾಪ್ಟನ್ ಮೇಲಿನ ಸಿಟ್ಟು, ತನ್ನ ಮೇಲಿನ ಸಿಟ್ಟು ಎಲ್ಲಾ ಆ ಹುಡುಗನ ಕೆನ್ನೆ ಮೇಲೆ ಬಿತ್ತು. ಬೈಗುಳ ಕೆಟ್ಟದೇ, ಅದನ್ನ ನಾನು ಚಿಕ್ಕದು ಮಾಡ್ತಿಲ್ಲ, ಆದ್ರೆ ಆ ಏಟಲ್ಲಿ ಬೈಗುಳದ ಪಾಲು ಸ್ವಲ್ಪ ಮಾತ್ರ.

ಇಲ್ಲಿ ನಮ್ಮ ಲೀಗ್ ಕ್ಯಾಪ್ಟನ್‌ಗಳಿಗೂ ಕೋಚ್‌ಗಳಿಗೂ ಒಂದು ಮಾತು ಹೇಳ್ಬೇಕು, ತುಂಬಾ ದಿನದಿಂದ ಹೇಳ್ತಾನೇ ಇದ್ದೀನಿ. ಕ್ಯಾಚ್ ಬಿಟ್ಟವನನ್ನ ಸಿಟ್ಟಲ್ಲಿ ಬೌಂಡರಿಗೆ ಓಡಿಸೋ ಅಭ್ಯಾಸ ಬಿಡಿ. ಅವನು ಅಲ್ಲಿ ಒಬ್ಬನೇ ನಿಂತಿರ್ತಾನೆ, ಹತ್ತಿರದ ಟೀಮ್‌ಮೇಟ್ ಐವತ್ತು ಗಜ ದೂರ, ಬೆನ್ನ ಹಿಂದೆ ಆಡ್ಕೊಳ್ಳೋರು ನಾಲ್ಕೇ ಹೆಜ್ಜೆ. ಚಿನ್ನಸ್ವಾಮಿಲಾದ್ರೂ ನಡುವೆ ಬೇಲಿ ಇದೆ, ಸೆಕ್ಯುರಿಟಿ ಇದೆ. ನಮ್ಮ ಲೀಗ್ ಗ್ರೌಂಡುಗಳಲ್ಲಿ ಒಂದು ಹಗ್ಗ, ಎಷ್ಟೋ ಕಡೆ ಅದೂ ಇಲ್ಲ, ಸುಣ್ಣದ ಗೆರೆ ಅಥವಾ ಬಾವುಟ ಅಷ್ಟೇ. ಟೆನಿಸ್ ಬಾಲ್ ಟೂರ್ನಮೆಂಟಲ್ಲಂತೂ ಮೈಕ್ ಹಿಡ್ಕೊಂಡು ಕಾಮೆಂಟ್ರಿ ಹೇಳೋನೇ ಆಟಗಾರನನ್ನ ಕಿಚಾಯಿಸ್ತಿರ್ತಾನೆ, ಸುತ್ತ ಇರೋರು ಅದಕ್ಕೆ ಶಿಳ್ಳೆ ಹೊಡೀತಾರೆ. ಇಂಥ ಕಡೆ ಮನಸ್ಸು ಕುಗ್ಗಿರೋ ಹುಡುಗನನ್ನ ಒಂಟಿಯಾಗಿ ನಿಲ್ಲಿಸೋದು ತಪ್ಪು, ಅವನನ್ನ ಮಿಡ್ ಆಫಲ್ಲಿ ಕ್ಯಾಪ್ಟನ್ ಪಕ್ಕದಲ್ಲೇ ಇಟ್ಕೋಬೇಕು, ಎರಡು ಬಾಲ್ ಕೈಗೆ ಬಂದ್ರೆ ಸರಿ ಹೋಗ್ತಾನೆ.

ಇನ್ನೊಂದು ಕೇಳ್ತೀನಿ, ಅವನನ್ನೂ ಕೇಳಿ ನೋಡಿ: ಅವನು ಹೊಡೆದದ್ದು ಬೈದವನಿಗೇನಾ? ಗುಂಪಲ್ಲಿ ಧ್ವನಿ ಒಂದು ಕಡೆಯಿಂದ ಬರುತ್ತೆ, ಕಣ್ಣಿಗೆ ಸಿಗೋ ಮುಖ ಇನ್ನೊಂದು. 2004ರ ನವೆಂಬರ್ 19, ಅಮೆರಿಕದ ಮಿಷಿಗನ್, ಎನ್‌ಬಿಎ ಬ್ಯಾಸ್ಕೆಟ್‌ಬಾಲ್. ಇಂಡಿಯಾನಾ ಪೇಸರ್ಸ್ 97-82ರಲ್ಲಿ ಮುಂದಿದ್ರು, ಒಂದು ನಿಮಿಷನೂ ಉಳಿದಿರ್ಲಿಲ್ಲ, ಗೆದ್ದ ಮ್ಯಾಚು. ಆಟಗಾರರ ನಡುವೆ ತಳ್ಳಾಟ ಆಗಿ ಆಟ ನಿಂತಿತ್ತು, ಪೇಸರ್ಸ್‌ನ ರಾನ್ ಆರ್ಟೆಸ್ಟ್ ಶಾಂತವಾಗಿರೋಣ ಅಂತ ಸ್ಕೋರರ್ ಟೇಬಲ್ ಮೇಲೆ ಮಲಗಿದ್ದ. ಮೇಲಿಂದ ಒಂದು ಲೋಟ ಪಾನೀಯ ಬಂದು ಮೈಮೇಲೆ ಬಿತ್ತು. ಎದ್ದವನೇ ಸ್ಟ್ಯಾಂಡಿಗೆ ನುಗ್ಗಿ ಒಬ್ಬನನ್ನ ಹಿಡ್ಕೊಂಡ, ಲೋಟ ಎಸೆದವನು ಅವನಾಗಿರ್ಲಿಲ್ಲ. ಹಿಂದೆ ಟೀಮ್‌ಮೇಟ್‌ಗಳೂ ನುಗ್ಗಿದ್ರು, ಇಡೀ ಅಂಕಣವೇ ಹೊಡೆದಾಟ ಆಯ್ತು. ಆರ್ಟೆಸ್ಟ್‌ಗೆ ಉಳಿದ ಸೀಸನ್ ಪೂರ್ತಿ, ಪ್ಲೇಆಫ್ ಸೇರಿ 86 ಮ್ಯಾಚ್ ಸಸ್ಪೆನ್ಷನ್, ಸಂಬಳದಲ್ಲಿ ಸುಮಾರು 50 ಲಕ್ಷ ಡಾಲರ್ ನಷ್ಟ. ಸ್ಟೀಫನ್ ಜ್ಯಾಕ್ಸನ್‌ಗೆ 30 ಮ್ಯಾಚ್. ಒಟ್ಟು 9 ಆಟಗಾರರು, 146 ಮ್ಯಾಚ್. ಆ ವರ್ಷ ಕಪ್ ಗೆಲ್ಲೋ ತಂಡ ಅಂತ ಎಲ್ಲರೂ ಹೇಳ್ತಿದ್ದ ಪೇಸರ್ಸ್ ಅಲ್ಲಿಗೆ ಮುರಿದು ಹೋದ್ರು, ಜೀವನ ಪೂರ್ತಿ ಅದೇ ಕ್ಲಬ್ಬಿಗೆ ಆಡಿದ್ದ ರೆಜ್ಜಿ ಮಿಲ್ಲರ್ ಆ ಸೀಸನ್ ಕೊನೆಗೆ ಒಂದೂ ಚಾಂಪಿಯನ್‌ಶಿಪ್ ಇಲ್ಲದೆ ರಿಟೈರ್ ಆದ. ಮಿಲ್ಲರ್ ಯಾರಿಗೂ ಕೈ ಎತ್ತಿರ್ಲಿಲ್ಲ. ಅದೇ ವರ್ಷ ಸೆಪ್ಟೆಂಬರಲ್ಲಿ ಓಕ್ಲೆಂಡಲ್ಲಿ ಬೇಸ್‌ಬಾಲ್ ಬೌಲರ್ ಒಬ್ಬ, ನಮ್ಮ ಲೆಕ್ಕದಲ್ಲಿ ಬೌಲರ್ ಅನ್ನೋಣ, ಕೀಟಲೆ ಮಾಡೋರ ಕಡೆ ಕುರ್ಚಿ ಎಸೆದ, ಅದು ಹೋಗಿ ಬಡಿದಿದ್ದು ಒಬ್ಬ ಹೆಂಗಸಿನ ಮೂಗಿಗೆ, ಮೂಳೆ ಮುರೀತು.

ಹಾಗಾದ್ರೆ ಬೈದವರನ್ನ ಸುಮ್ನೆ ಬಿಡೋದಾ? ಖಂಡಿತ ಬೇಡ. ನಾನು ಹೇಳೋದೆಲ್ಲ ಇದಕ್ಕೇ. ಹಗ್ಗದ ಒಳಗಿದ್ದಷ್ಟು ಹೊತ್ತು ತಪ್ಪು ಪೂರ್ತಿ ಅವರದ್ದು, ಸಾಕ್ಷಿ ಇದೆ, ಅಂಪೈರ್ ಇದ್ದಾರೆ, ಕೇಳೋಕೆ ಹಕ್ಕಿದೆ. ಹಗ್ಗ ದಾಟಿದ ಕ್ಷಣ ಅವರ ತಪ್ಪು ಎಲ್ಲರ ಬಾಯಿಂದ ಮಾಯ ಆಗ್ಬಿಡುತ್ತೆ. ನಿಮ್ಮ ಮಗನ ವಿಡಿಯೋದಲ್ಲೂ ನೋಡಿ, ಏಟು ಇದೆ, ಬೈಗುಳ ಇದೆಯಾ? ನನಗೆ ಹೊಟ್ಟೆ ಉರಿಯೋದು ಅದಕ್ಕೇ, ಎರಡು ಓವರ್ ಹೊಲಸು ಮಾತಾಡಿದವರು ಈಗ ಪಾಪದವರಾಗಿ ಕೂತಿದ್ದಾರೆ.

2021ರ ಜನವರಿಲಿ ಸಿಡ್ನಿ ಟೆಸ್ಟಲ್ಲಿ ಮೊಹಮ್ಮದ್ ಸಿರಾಜ್ ಏನು ಮಾಡಿದ ಅನ್ನೋದನ್ನ ನಾನು ಪ್ರತಿ ಹುಡುಗನಿಗೂ ಹೇಳ್ತೀನಿ. ಟೆಸ್ಟ್ ಆಡ್ತಿದ್ದ ಮೊದಲ ಸರಣಿ, ನವೆಂಬರಲ್ಲಿ ಹೈದರಾಬಾದಲ್ಲಿ ಅಪ್ಪ ತೀರ್ಕೊಂಡಿದ್ರು, ಇವನು ವಾಪಸ್ ಬರದೆ ಅಲ್ಲೇ ಉಳಿದಿದ್ದ. ಬೌಂಡರಿ ಹತ್ರ ನಿಂತಾಗ ಹಿಂದಿನಿಂದ ಮೈಬಣ್ಣ, ಜನಾಂಗದ ಮೇಲಿನ ಬೈಗುಳ. ಇದಕ್ಕಿಂತ ದೊಡ್ಡ ಕಾರಣ ಬೇಕಾ ಸಿಟ್ಟು ಬರೋಕೆ? ಅವನು ಪ್ರೇಕ್ಷಕರ ಕಡೆ ಹೋಗ್ಲಿಲ್ಲ, ಪಿಚ್ ಕಡೆ ನಡೆದ. ಕ್ಯಾಪ್ಟನ್ ರಹಾನೆಗೆ ಹೇಳಿದ, ರಹಾನೆ ಅಂಪೈರ್‌ಗಳಿಗೆ ಹೇಳಿದ, ಇಡೀ ಟೆಸ್ಟ್ ಮ್ಯಾಚ್ ಹಲವು ನಿಮಿಷ ನಿಂತು ಹೋಯ್ತು. ಬೇಕಾದ್ರೆ ಮೈದಾನ ಬಿಟ್ಟು ಹೋಗಬಹುದು ಅಂತ ಅಂಪೈರ್‌ಗಳು ಹೇಳಿದ್ರೂ ನಾವು ಆಡ್ತೀವಿ ಅಂದ್ರು. ಪೊಲೀಸರು 6 ಜನರನ್ನ ಹೊರಗೆ ಕಳಿಸಿದ್ರು. ಆಮೇಲೆ ಕ್ರಿಕೆಟ್ ಆಸ್ಟ್ರೇಲಿಯಾ ತನಿಖೆ ಮಾಡಿ ಜನಾಂಗೀಯ ನಿಂದನೆ ಆಗಿದ್ದು ನಿಜ ಅಂತ ಒಪ್ಪಿಕೊಳ್ತು, ಹೊರಗೆ ಹಾಕಿದ್ದ ಆ ಆರು ಜನ ಮಾತ್ರ ಅದನ್ನ ಮಾಡಿದವರಲ್ಲ ಅಂತಲೂ ಹೇಳ್ತು. ನೋಡಿ, ಕ್ಯಾಮೆರಾ, ಪೊಲೀಸ್ ಎಲ್ಲಾ ಇದ್ದೂ ಸರಿಯಾದವರನ್ನ ಹಿಡಿಯೋದು ಅಷ್ಟು ಕಷ್ಟ, ಇನ್ನು ಸಿಟ್ಟಲ್ಲಿ ಕಣ್ಣು ಕೆಂಪಾದ ಹುಡುಗ ಹೇಗೆ ಹಿಡೀತಾನೆ? ಮುಂದಿನ ವಾರ ಬ್ರಿಸ್ಬೇನಲ್ಲಿ ಸಿರಾಜ್ ಎರಡನೇ ಇನ್ನಿಂಗ್ಸಲ್ಲಿ 73 ರನ್ನಿಗೆ 5 ವಿಕೆಟ್ ತಗೊಂಡ, ಭಾರತ ಸರಣಿ ಗೆಲ್ತು. ಸಿಡ್ನಿಲಿ ಹಗ್ಗ ದಾಟಿ ಯಾರನ್ನಾದ್ರೂ ಹೊಡೆದಿದ್ರೆ ಬ್ರಿಸ್ಬೇನ್ ಆಡ್ತಿದ್ನಾ? ಐಸಿಸಿ ನಿಯಮದಲ್ಲಿ ನಾಲ್ಕು ಲೆವೆಲ್ ತಪ್ಪುಗಳಿವೆ, ಆಟಗಾರ ಪ್ರೇಕ್ಷಕನ ಮೇಲೆ ಹಲ್ಲೆ ಮಾಡಿದ್ರೆ ಅದು ನೇರ ಲೆವೆಲ್ 4, ಎಲ್ಲಕ್ಕಿಂತ ಮೇಲಿಂದು.

ನಿಮ್ಮ ಮಗ ಆರ್‌ಸಿಬಿ ಹುಡುಗ ಅಂತ ಅಂದ್ಕೋತೀನಿ, ಬಸ್ಸು, ಗೋಡೆ, ಫೋನ್ ಕವರ್ ಎಲ್ಲಾ ಕಡೆ 18 ನಂಬರ್ ಇರೋ ಊರಲ್ವಾ ನಮ್ದು. ಕೊಹ್ಲಿದೇ ಹೇಳಿ. 2012ರ ಜನವರಿ, ಅದೇ ಸಿಡ್ನಿ, ಬೌಂಡರಿಲಿ ನಿಂತಿದ್ದಾಗ ಮಧ್ಯದ ಬೆರಳು ತೋರಿಸಿದ, ಮ್ಯಾಚ್ ಫೀಸಲ್ಲಿ ಅರ್ಧ ದಂಡ ಬಿತ್ತು. ಜನ ಅಮ್ಮ, ತಂಗಿ ಮೇಲೆ ಬೈದ್ರೆ ಏನ್ಮಾಡ್ಬೇಕು ಅಂತ ಆಮೇಲೆ ಟ್ವಿಟ್ಟರಲ್ಲಿ ಕೇಳಿದ್ದ, ಅಂದ್ರೆ ನಿಮ್ಮ ಮಗನಿಗೆ ಆದ ನೋವೇ ಅವನಿಗೂ ಆಗಿತ್ತು. ಅದೇ ಸರಣಿ ಕೊನೇ ಟೆಸ್ಟಲ್ಲಿ, ಅಡಿಲೇಡಲ್ಲಿ 116 ಹೊಡೆದ, ಟೆಸ್ಟಲ್ಲಿ ಮೊದಲ ಸೆಂಚುರಿ. ಅವನು ಒಂದೇ ದಿನಕ್ಕೆ ಶಾಂತ ಆಗ್ಬಿಟ್ಟ ಅಂತ ನಾನು ಹೇಳಲ್ಲ. 2023ರ ಏಪ್ರಿಲ್ 10ಕ್ಕೆ ಚಿನ್ನಸ್ವಾಮಿಲಿ ಲಕ್ನೋ ತಂಡ ಒಂದು ವಿಕೆಟಲ್ಲಿ ಗೆದ್ದ ಮೇಲೆ ಅವರ ಮೆಂಟರ್ ಗಂಭೀರ್ ನಮ್ಮ ಪ್ರೇಕ್ಷಕರ ಕಡೆ ತುಟಿ ಮೇಲೆ ಬೆರಳಿಟ್ಟು ಸುಮ್ನಿರಿ ಅಂತ ತೋರಿಸಿದ್ದು, ಮೇ 1ಕ್ಕೆ ಲಕ್ನೋದಲ್ಲಿ ಅದು ಕೊಹ್ಲಿ, ನವೀನ್ ಉಲ್ ಹಕ್, ಗಂಭೀರ್ ಎಲ್ಲರ ಜಗಳ ಆಗಿ ಕೊಹ್ಲಿಗೂ ಗಂಭೀರ್‌ಗೂ ಪೂರ್ತಿ ಮ್ಯಾಚ್ ಫೀಸ್ ದಂಡ ಬಿದ್ದಿದ್ದು ನಮಗೆಲ್ಲ ಗೊತ್ತೇ ಇದೆ. ಒಂದು ಸನ್ನೆ ಪ್ರೇಕ್ಷಕರ ಕಡೆ ಹೋಗಿದ್ದು ಮೂರು ವಾರ ಆದ್ರೂ ಆರ್ಲಿಲ್ಲ. ಆದ್ರೆ ಅದೇ ಕೊಹ್ಲಿ 2019ರ ವಿಶ್ವಕಪ್ಪಲ್ಲಿ ಓವಲ್ ಮೈದಾನದಲ್ಲಿ ಸ್ಟೀವ್ ಸ್ಮಿತ್‌ಗೆ ಛೀಮಾರಿ ಹಾಕ್ತಿದ್ದ ಭಾರತದ ಅಭಿಮಾನಿಗಳ ಕಡೆ ತಿರುಗಿ ಚಪ್ಪಾಳೆ ತಟ್ಟಿ ಅಂತ ಸನ್ನೆ ಮಾಡಿದ, ಐಸಿಸಿ ಅದಕ್ಕೆ ಸ್ಪಿರಿಟ್ ಆಫ್ ಕ್ರಿಕೆಟ್ ಪ್ರಶಸ್ತಿ ಕೊಡ್ತು. 2023ರ ಅಕ್ಟೋಬರಲ್ಲಿ ಡೆಲ್ಲಿಲಿ ಜನ ನವೀನ್‌ನ ಕಾಡಿಸ್ತಿದ್ದಾಗ ನಿಲ್ಲಿಸಿ ಅಂತ ಕೇಳ್ಕೊಂಡಿದ್ದೂ ಅವನೇ. ಬೈಸ್ಕೊಳ್ಳೋದು ಏನು ಅಂತ ಗೊತ್ತಿರೋನು ಮಾತ್ರ ಹಾಗೆ ಮಾಡ್ತಾನೆ.

ಈಗ ನಿಮ್ಮ ಮನೆ ವಿಷಯ. ಕಾನೂನಿಂದು ನಾನು ತಿಳ್ಕೊಂಡಷ್ಟು ಹೇಳ್ತೀನಿ, ನೀವು ಒಬ್ಬ ವಕೀಲರನ್ನ ನೋಡ್ಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೆಲಿ ಕೆನ್ನೆಗೆ ಹೊಡೆಯೋಂಥದ್ದು ಬರೋದು ಸೆಕ್ಷನ್ 115(2)ರಲ್ಲಿ, ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಜಾಮೀನು ಸಿಗೋ ಅಪರಾಧ, ಏಟು ತಿಂದವನು ಒಪ್ಪಿದ್ರೆ ರಾಜಿ ಮಾಡ್ಕೊಳ್ಳೋಕೂ ಅವಕಾಶ ಇದೆ. ಗಂಭೀರವಾಗಿ, ದಿಢೀರ್ ಅಂತ ಕೆರಳಿಸಿದ್ರಿಂದ ಹೊಡೆದ ಅಂತ ಸಾಬೀತಾದ್ರೆ ಸೆಕ್ಷನ್ 122(1), ಅದರಲ್ಲಿ ಶಿಕ್ಷೆ ಒಂದು ತಿಂಗಳವರೆಗೆ ಅಥವಾ 5,000 ರೂಪಾಯಿವರೆಗೆ ದಂಡ. ಹಾಗೇ ಶಾಂತಿ ಕದಡ್ಲಿ ಅಂತ ಬೇಕಂತಲೇ ಅವಮಾನ ಮಾಡೋದೂ ಅಪರಾಧವೇ, ಸೆಕ್ಷನ್ 352, ಎರಡು ವರ್ಷದವರೆಗೆ. ಅಂದ್ರೆ ಕಾನೂನು ಆ ಹುಡುಗ್ರನ್ನೂ ನೋಡುತ್ತೆ. ಕ್ಯಾಂಟೊನಾಗೆ ಬೈದವನಿಗೂ ಕೋರ್ಟಲ್ಲಿ ದಂಡ ಬಿತ್ತು, ಸ್ಟೇಡಿಯಂಗೆ ಬರೋಹಾಗಿಲ್ಲ ಅಂತ ಆಯ್ತು, ಮಿಷಿಗನ್‌ನಲ್ಲಿ ಲೋಟ ಎಸೆದವನು 30 ದಿನದ ಜೈಲು ಶಿಕ್ಷೆ ತಗೊಂಡ. ಆದ್ರೆ ಅವರು ಸ್ಟೇಷನ್ ಅಂದ್ರು ಅಂತ ನೀವೂ ಎದುರು ಕಂಪ್ಲೇಂಟ್ ಹಿಡ್ಕೊಂಡು ಓಡಬೇಡಿ, ಇಬ್ಬರು ಇಪ್ಪತ್ತು ವರ್ಷದ ಹುಡುಗ್ರ ಹೆಸರು ಸ್ಟೇಷನ್ ಪುಸ್ತಕದಲ್ಲಿ ಬರೆಸಿ ಯಾರಿಗೂ ಉಪಯೋಗ ಇಲ್ಲ.

ಮೊದಲು ಆ ಹುಡುಗನ ಮನೆಗೆ ಹೋಗಿ. ಮಗ, ನೀವು ಅಥವಾ ಅವರಪ್ಪ, ಜೊತೆಗೆ ಎರಡೂ ಕಡೆಗೂ ಗೊತ್ತಿರೋ ಒಬ್ಬ ಹಿರಿಯರು ಇದ್ರೆ ಒಳ್ಳೇದು. ಫೋನ್ ತೆಗೀಬೇಡಿ, ಕ್ಷಮೆ ಕೇಳೋದನ್ನ ರೀಲ್ ಮಾಡ್ಬೇಡಿ. ನಾನು ಕೈ ಮಾಡಿದ್ದು ತಪ್ಪು ಅಂತ ಮಗ ಹೇಳಿ ಅಲ್ಲಿಗೆ ನಿಲ್ಲಿಸ್ಬೇಕು. ನೀನೂ ಬೈದೆಯಲ್ಲ ಅನ್ನೋ ಬಾಲ ಅದಕ್ಕೆ ಅಂಟಿಸಿದ್ರೆ ಹೋಗಿದ್ದೇ ದಂಡ. ಬೈಗುಳದ ವಿಷಯ ನೀವು ಎತ್ತಿ ಅಕ್ಕಾ, ಅವನಲ್ಲ. ನನ್ನ ಮೇಲೆ ಹೀಗೆಲ್ಲ ಮಾತು ಬಂತು ಅಂತ ಆ ಹುಡುಗನ ಅಮ್ಮನ ಮುಂದೆ ನೀವೇ ಹೇಳಿ. ಇಬ್ಬರು ತಾಯಂದಿರು ಎದುರುಬದುರು ಕೂತಾಗ ಆ ಮಾತಿನ ತೂಕ ಆ ಹುಡುಗನಿಗೆ ಅರ್ಥ ಆದಷ್ಟು ಬೇರೆ ಯಾವ ಹೊಡೆತದಿಂದಲೂ ಆಗಲ್ಲ.

ಕ್ಲಬ್ಬಿಗೆ ಒಂದು ಪತ್ರ ಬರೀಲಿ, ಒಂದು ಪುಟ ಸಾಕು. ಏನಾಯ್ತು, ನಾನೇನು ಮಾಡಿದೆ, ಎಲ್ಲಿ ತಪ್ಪಿದೆ, ಮುಂದೆ ಹೇಗೆ ನೋಡ್ಕೋತೀನಿ. ಜೊತೆಗೆ ಅಂಪೈರ್‌ಗೆ ಆ ಎರಡು ಓವರ್ ಬೈಗುಳ ಕೇಳಿಸಿತ್ತಾ ಅಂತ ಕ್ಲಬ್ಬಿನವರು ವಿಚಾರಿಸ್ಲಿ, ರಿಪೋರ್ಟಲ್ಲಿ ಅದೂ ಬರ್ಬೇಕು. ಹೊರಗಿದ್ದವರ ಗಲಾಟೆನ ಕಂಟ್ರೋಲ್ ಮಾಡೋದು ಮ್ಯಾಚ್ ನಡೆಸೋರ ಕೆಲಸನೂ ಹೌದು, 20 ವರ್ಷದ ಹುಡುಗನ ತಲೆಗೇ ಎಲ್ಲಾ ಕಟ್ಟೋದು ನ್ಯಾಯ ಅಲ್ಲ. ವಿಡಿಯೋ ಕೆಳಗೆ ಯಾರು ಏನೇ ಬರೆದ್ರೂ ಅವನಾಗ್ಲಿ, ಅವನ ಫ್ರೆಂಡ್ಸಾಗ್ಲಿ ಉತ್ತರ ಕೊಡೋಕೆ ಹೋಗ್ಬಾರ್ದು, ಸಬ್ಬೀರ್‌ಗೆ ಎರಡನೇ ಸಲ ಆಗಿದ್ದು ಅದೇ.

ನಿಮ್ಮ ಹೆಮ್ಮೆ ವಿಷಯ. ನೀವು ಅದನ್ನ ಬರೆದಿದ್ದು ನನಗೆ ತುಂಬಾ ಹಿಡಿಸ್ತು, ಮುಚ್ಚಿಡಬಹುದಿತ್ತು. ಮಗ ತನ್ನ ಪರ ನಿಂತ ಅಂದ್ರೆ ಯಾವ ತಾಯಿಗೆ ಕರುಳು ಮಿಡಿಯಲ್ಲ. ಆದ್ರೆ ಈಗ ಅವನ ಮುಂದೆ ಅದು ಕಾಣಿಸ್ಕೋಬಾರ್ದು, ಮುಖದಲ್ಲೂ ಕಾಣಿಸ್ಬಾರ್ದು, ನೆಂಟರ ಮುಂದೆ ನಗ್ತಾ ಹೇಳ್ಕೊಳ್ಳೋದಂತೂ ಬೇಡ್ವೇ ಬೇಡ. ಅಮ್ಮನ ಮಾನ ಕಾಪಾಡಿದೆ ಅನ್ನೋ ಕಥೆ ಅವನ ತಲೇಲಿ ಗಟ್ಟಿಯಾದ್ರೆ ಮುಂದಿನ ಸಲ ಅಮ್ಮ ಅನ್ನೋ ಪದ ಕೇಳಿದ್ರೆ ಸಾಕು, ಎದುರು ತಂಡದವರಿಗೆ ಇವನ ಬಟನ್ ಎಲ್ಲಿದೆ ಅಂತ ಗೊತ್ತಾಗಿ ಹೋಗುತ್ತೆ. ಲೀಗಲ್ಲಿ ಇಂಥ ಸುದ್ದಿ ಒಂದೇ ವಾರಕ್ಕೆ ಎಲ್ಲಾ ಡ್ರೆಸ್ಸಿಂಗ್ ರೂಮಿಗೂ ಮುಟ್ಟುತ್ತೆ, ಇಷ್ಟೊತ್ತಿಗೆ ಮುಟ್ಟಿರುತ್ತೆ. ಅವನಿಗೆ ನೇರವಾಗಿ ಹೇಳಿ, ಯಾರೋ ಬೈದ್ರೆ ನನ್ನ ಮಾನ ಹೋಗಲ್ಲ ಕಣೋ, ನೀನು ಆಟ ಕಳ್ಕೊಂಡ್ರೆ ನನಗೆ ಹೊಟ್ಟೆ ಉರಿಯುತ್ತೆ ಅಂತ. ನಿಮ್ಮ ಬಾಯಿಂದ ಬಂದ್ರೆ ಅದಕ್ಕಿರೋ ಬೆಲೆನೇ ಬೇರೆ.

ಕೊನೇದು, ಅವನು ವಾಪಸ್ ಆಡೋಕೆ ಹೋದಾಗ. ಖಾಲಿ ಹೊತ್ತು ತುಂಬೋದನ್ನ ಬ್ಯಾಟಿಂಗ್ ಥರಾನೇ ಪ್ರಾಕ್ಟೀಸ್ ಮಾಡ್ಬೇಕು, ಬಾಯಲ್ಲಿ ಕಂಟ್ರೋಲ್ ಮಾಡ್ಕೋ ಅಂದ್ರೆ ಆಗಲ್ಲ. ಬೌಂಡರಿಲಿ ನಿಂತಾಗ ಪ್ರತಿ ಬಾಲ್‌ಗೂ ಬೌಲರ್ ಜೊತೆಗೇ ಒಳಗೆ ನಡೀಬೇಕು, ಬಾಲ್ ಮುಗಿದ ಮೇಲೆ ಹಗ್ಗಕ್ಕೆ ಪೂರ್ತಿ ವಾಪಸ್ ಹೋಗದೆ ಹತ್ತು ಹೆಜ್ಜೆ ಮುಂದೆಯೇ ತಿರುಗಿ ನಿಲ್ಲಬೇಕು. ಉಸಿರು ಒಳಗೆ ತಗೊಂಡಿದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡ್ಬೇಕು, ಎದೆ ಬಡಿತ ಇಳಿಸೋಕೆ ಮೈದಾನದಲ್ಲಿ ಕೈಗೆ ಸಿಗೋ ಸುಲಭ ದಾರಿ ಅದು. ಓವರ್ ಮುಗಿದಾಗ ಹೊರಗಡೆ ನೋಡೋ ಬದಲು ಹತ್ತಿರದ ಫೀಲ್ಡರ್ ಕಡೆ ಜಾಗ್ ಮಾಡಿ ಹೋಗಿ ಒಂದು ಮಾತಾಡಿ ಬರ್ಬೇಕು, ಏನಾದ್ರೂ ಸರಿ, ಬಾಲ್ ಎಷ್ಟು ಹಳೇದು ಅಂತಾದ್ರೂ. ಕ್ಯಾಪ್ಟನ್ ಜೊತೆ ಮೊದಲೇ ಒಂದು ಸನ್ನೆ ಮಾತಾಡ್ಕೊಂಡಿರ್ಲಿ, ಟೋಪಿ ತೆಗೆದು ಕೈಲಿ ಹಿಡ್ಕೊಂಡ್ರೆ ನನ್ನನ್ನ ಇಲ್ಲಿಂದ ಬದಲಿಸು ಅಂತ ಅರ್ಥ, ಕಾರಣ ಕೇಳೋಹಾಗಿಲ್ಲ. ಬೈಗುಳ ಮಿತಿ ಮೀರಿದ್ರೆ ಸಿರಾಜ್ ಮಾಡಿದ್ದೇ, ಪಿಚ್ ಕಡೆ ನಡೀಬೇಕು, ಕ್ಯಾಪ್ಟನ್‌ಗೆ, ಅಲ್ಲಿಂದ ಅಂಪೈರ್‌ಗೆ, ಬೇಕಾದ್ರೆ ಆಟ ನಿಲ್ಲಲಿ. ಔಟಾಗಿ ಬರೋವಾಗ ಹೆಲ್ಮೆಟ್ ತೆಗೀದೇ ನೇರ ಒಳಗೆ ಹೋಗಿ ಹತ್ತು ಹದಿನೈದು ನಿಮಿಷ ಕೂತ್ಕೊಂಡು ಆಮೇಲೆ ಹೊರಗೆ ಬರ್ಲಿ. ವಾಪಸ್ ಹೋದ ಮೊದಲ ಒಂದೆರಡು ಮ್ಯಾಚ್ ಅವನನ್ನ ಒಳಗಿನ ರಿಂಗಲ್ಲೇ ನಿಲ್ಲಿಸಿ ಅಂತ ಕೋಚ್ ಹತ್ರ ನೀವು ಕೇಳ್ಬೇಡಿ, ಅವನೇ ಹೋಗಿ ಕೇಳ್ಲಿ.